ಕಪ್ಪು ಪರದೆ, ಬಿಳಿ ಅಕ್ಷರ: ಒಂದೇ ಸಾಲಲ್ಲಿ ಓಡೋ ಸೋಶಿಯಲ್ ಮೀಡಿಯಾದ ಕಥೆ

ಬಸ್ಸಿನ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ ನಮಸ್ಕಾರ, ಆಡಿಯೋ ಲೋಡ್ ಆಗ್ತಿಲ್ಲ ಅಂತ ಈ ಬರಹರೂಪ ಓದ್ತಿರೋರಿಗೂ ನಮಸ್ಕಾರ. ಎರಡನೇ ಗುಂಪಿನವರೇ, ಇವತ್ತಿನ ಎಪಿಸೋಡ್ ಹೆಚ್ಚು ಕಡಿಮೆ ನಿಮ್ಮದೇ ಕಥೆ.

ಕಳೆದ ಆಷಾಢದಲ್ಲಿ ನಮ್ಮನೇಲಿ ಮೂರು ದಿನ ಕರೆಂಟ್ ಇರಲಿಲ್ಲ. ನಮ್ಮನೆ ಅಂದ್ರೆ ಕೊಪ್ಪದಿಂದ ಜಯಪುರದ ಕಡೆ ಹೋಗೋ ರಸ್ತೆಯಿಂದ ಒಳಗೆ, ಇಳಿಜಾರಿನ ಅಡಿಕೆ ತೋಟದ ತಲೆಯಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನವರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಮರ ಬಿದ್ದು ಲೈನ್ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಸಾಯುತ್ತೆ, ಆಮೇಲೆ ದೂರದ ಯಾವುದೋ ಟವರಿಂದ ಒಂದು ಗೆರೆ ಸಿಗ್ನಲ್, ಅದರ ಪಕ್ಕ 'ಇ' ಅನ್ನೋ ಅಕ್ಷರ. ಇನ್‌ಸ್ಟಾಗ್ರಾಮ್ ತೆಗೆದ್ರೆ ಉಂಗುರ ತಿರುಗ್ತಾನೇ ಇರುತ್ತೆ. ವಾಟ್ಸಾಪಲ್ಲಿ ಫೋಟೋ ಮಸುಕಾಗಿ ನಿಂತಿರುತ್ತೆ.

ಆ ಮೂರನೇ ದಿನ ಜಗಲಿಯಲ್ಲಿ ಕೂತು ನಾನು ಫೋನಲ್ಲಿ ಟರ್ಮಕ್ಸ್ ಅನ್ನೋ ಆ್ಯಪ್ ತೆಗೆದೆ. ತೆಗೆದ್ರೆ ಬರೋದು ಬರೀ ಕಪ್ಪು ಪರದೆ. ಅದರಲ್ಲಿ ಎರಡು ಪದ ಟೈಪ್ ಮಾಡಿದೆ: ಟೂಟ್ ಟೈಮ್‌ಲೈನ್. ಎಂಟರ್ ಒತ್ತಿದೆ. ಒಂದೈದು ನಿಮಿಷ... ಇಲ್ಲ, ಸುಳ್ಳು ಹೇಳ್ಬಾರ್ದು, ಅರ್ಧ ನಿಮಿಷ ಆಗಿರಬಹುದು. ಜನ ಬರೆದ ಪೋಸ್ಟುಗಳು ಸಾಲು ಸಾಲಾಗಿ ಬಂದು ಬಿದ್ವು. ಫೋಟೋ ಇಲ್ಲ, ವಿಡಿಯೋ ಇಲ್ಲ, ಲೈಕ್ ಬಟನ್ ಇಲ್ಲ. ಹೆಸರು, ಹೊತ್ತು, ಅಕ್ಷರ, ಅಷ್ಟೇ.

ಅಪ್ಪಯ್ಯ ಪಕ್ಕದಲ್ಲಿ ಅಡಿಕೆ ಹೋಳು ಮಾಡ್ತಿದ್ದವರು ಇಣುಕಿ ನೋಡಿ, "ಎಂತದಾ ಅದು, ಹಿಂದೆ ಸೊಸೈಟಿ ಕಂಪ್ಯೂಟರಲ್ಲಿ ಬರ್ತಿತ್ತಲ್ಲ, ಹಂಗೇ ಕಾಣ್ತದೆ?" ಅಂದ್ರು.

ಹೌದು ಅಪ್ಪಯ್ಯ, ಅದೇ. ಆ 'ಹಿಂದೆ' ಎಲ್ಲಿಂದ ಶುರುವಾಯ್ತು ಅಂತ ನೋಡೋಣ.

ಮೊದಲು ಗೊತ್ತಿಲ್ಲದವರಿಗೆ ಒಂದು ಮಾತು. ಇದಕ್ಕೆ ಕಮಾಂಡ್ ಲೈನ್ ಅಂತಾರೆ. ನಾವು ಬಳಸೋ ಆ್ಯಪುಗಳು ಮೆನು ಕಾರ್ಡ್ ಇರೋ ಹೋಟೆಲ್ ಇದ್ದಂಗೆ. ಓದಿ ಬೆರಳು ಇಟ್ರೆ ಆಯ್ತು. ಕಮಾಂಡ್ ಲೈನ್ ಅಂದ್ರೆ ಕಾರ್ಡೇ ಇಲ್ಲದ ಹೋಟೆಲ್. ಒಳಗೆ ಏನು ಸಿಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿರಬೇಕು, ಬಾಯಿಬಿಟ್ಟು ಸರಿಯಾಗಿ ಹೇಳಬೇಕು. ಉಪ್ಪಿಟ್ಟು ಅನ್ನೋ ಬದಲು ಉಪ್ಪಿನಕಾಯಿ ಅಂದ್ರೆ ಉಪ್ಪಿನಕಾಯಿಯನ್ನೇ ತಂದಿಡ್ತಾರೆ. ಈ ಕೊನೇ ಮಾತು ನೆನಪಿರಲಿ, ಆಮೇಲೆ ಇದರಿಂದ ನನ್ನ ಮರ್ಯಾದೆ ಹೋದ ಕಥೆ ಇದೆ.

ಈ ಥರ ಅಕ್ಷರದಲ್ಲೇ ಜನ ಸೇರೋ ಜಾಗ ಶುರುವಾಗಿದ್ದಕ್ಕೂ ಹವಾಮಾನಕ್ಕೂ ನಂಟಿದೆ. 1978ರ ಜನವರಿಯಲ್ಲಿ ಅಮೆರಿಕದ ಶಿಕಾಗೊದಲ್ಲಿ ಭಾರೀ ಹಿಮ ಬಿತ್ತು. ಮನೆಯಿಂದ ಹೊರಗೆ ಕಾಲಿಡೋಕಾಗದೆ ಕೂತಿದ್ದ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ್‍ಯಾಂಡಿ ಸೂಸ್ ಅನ್ನೋ ಇಬ್ಬರು ಹವ್ಯಾಸಿಗಳು, ಫೋನ್ ಲೈನಿಗೆ ಕಂಪ್ಯೂಟರ್ ಸಿಕ್ಕಿಸಿ ಒಂದು ಬುಲೆಟಿನ್ ಬೋರ್ಡ್ ಮಾಡಿದ್ರು. ಒಬ್ಬರು ಡಯಲ್ ಮಾಡಿ ಸಂದೇಶ ಬಿಟ್ಟು ಹೋಗೋದು, ಇನ್ನೊಬ್ಬರು ಬಂದು ಓದೋದು. ಫೆಬ್ರವರಿ ಹೊತ್ತಿಗೆ ಅದು ಓಡೋಕೆ ಶುರುವಾಯ್ತು. ಅವರಿಗೆ ಹಿಮ, ನಮಗೆ ಮಳೆ.

ಹತ್ತು ವರ್ಷದ ಮೇಲೆ, 1988ರಲ್ಲಿ, ಫಿನ್‌ಲೆಂಡಿನ ಯಾರ್ಕೊ ಒಯ್ಕರಿನೆನ್ ಐಆರ್‌ಸಿ ಬರೆದ. ಓರೆಗೆರೆ ಹಾಕಿ ಜಾಯಿನ್ ಅಂತ ಬರೆದ್ರೆ ಗುಂಪಿಗೆ ಸೇರಿಕೊಳ್ತೀರಿ, ಓರೆಗೆರೆ ಹಾಕಿ ಎಂಎಸ್‌ಜಿ ಅಂದ್ರೆ ಒಬ್ಬರಿಗೆ ಮಾತ್ರ ಹೋಗೋ ಗುಟ್ಟಿನ ಮಾತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದಿದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ಅದರಲ್ಲಿ ಕಡಿಮೆ ದುಡ್ಡಿಗೆ ಸಿಗ್ತಿದ್ದಿದ್ದು ಶೆಲ್ ಅಕೌಂಟ್. ಅಂದ್ರೆ ಚಿತ್ರ ಕಾಣಲ್ಲ, ಬರೀ ಅಕ್ಷರ. ವೆಬ್‌ಸೈಟ್ ನೋಡೋಕೆ ಲಿಂಕ್ಸ್ ಅನ್ನೋ ಬ್ರೌಸರ್, ಮೇಲ್‌ಗೆ ಪೈನ್. ಆಗಿನ ವಿದ್ಯಾರ್ಥಿಗಳು ಇಂಟರ್ನೆಟ್ ಅಂತ ಮೊದಲು ಕಂಡಿದ್ದೇ ಈ ಕಪ್ಪು ಪರದೆಯನ್ನ.

ಆದ್ರೆ ನಮ್ಮ ಮಲೆನಾಡಿನ ಮನೆಗಳಿಗೆ ಇದು ಬಂದಿದ್ದು ಕಂಪ್ಯೂಟರಿಂದ ಅಲ್ಲ, ಬಟನ್ ಫೋನಿಂದ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಎಲ್ಲರೂ ಮರೆಯೋ ಭಾಗ ಇದು.

ಟ್ವಿಟರ್ ಹುಟ್ಟಿದ್ದು 2006ರಲ್ಲಿ. ಅದಕ್ಕೆ 140 ಅಕ್ಷರದ ಮಿತಿ ಯಾಕಿತ್ತು ಗೊತ್ತಾ? ಎಸ್‌ಎಂಎಸ್‌ಗೆ 160 ಅಕ್ಷರ. ಅದರಲ್ಲಿ 20 ಬಳಕೆದಾರರ ಹೆಸರಿಗೆ ಬಿಟ್ಟು ಉಳಿದಿದ್ದು 140. ಆ 160 ಎಲ್ಲಿಂದ ಬಂತು ಅಂದ್ರೆ, ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಅನ್ನೋ ಎಂಜಿನಿಯರ್ 1985ರಲ್ಲಿ ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ವಾಕ್ಯ, ಪ್ರಶ್ನೆ ಎಲ್ಲ ಟೈಪ್ ಮಾಡಿ ಎಣಿಸಿದ್ರಂತೆ. ಸಾಮಾನ್ಯವಾಗಿ ಎಲ್ಲವೂ 160ರೊಳಗೆ ಮುಗೀತಿತ್ತು. ಹೀಗೆ ಒಬ್ಬರ ಮನೆಯ ಎಣಿಕೆ ಮುಂದೆ ಲೋಕದ ರಾಜಕಾರಣಿಗಳ ಬಾಯಿಗೆ ಅಳತೆ ಆಯ್ತು.

ಟ್ವಿಟರಿಗೆ ಎಸ್‌ಎಂಎಸ್‌ನಲ್ಲೇ ಎಲ್ಲಾ ಮಾಡಬಹುದಿತ್ತು. ಅಮೆರಿಕದಲ್ಲಿ 40404ಗೆ ಮೆಸೇಜ್ ಕಳಿಸಿದ್ರೆ ಅದೇ ಪೋಸ್ಟ್. ಫಾಲೋ ಅಂತ ಬರೆದು ಹೆಸರು ಬರೆದ್ರೆ ಫಾಲೋ. ಆಫ್ ಅಂದ್ರೆ ಬಾಯಿ ಮುಚ್ಚುತ್ತೆ. ಡಿ ಅಂತ ಒಂದೇ ಅಕ್ಷರ ಹಾಕಿ ಹೆಸರು, ಮಾತು ಬರೆದ್ರೆ ಅವರೊಬ್ಬರಿಗೆ ಮಾತ್ರ. 2009ರ ಅಕ್ಟೋಬರಿನಲ್ಲಿ ಏರ್‌ಟೆಲ್ ಜೊತೆ ಸೇರಿ ಇದೇ ಸೌಕರ್ಯ ಭಾರತಕ್ಕೂ ಬಂತು. ಪರದೆ ಕಪ್ಪಿರಲಿಲ್ಲ ಅನ್ನೋದು ಬಿಟ್ರೆ ಇದು ಕಮಾಂಡ್ ಲೈನ್ ಅಲ್ಲದೆ ಮತ್ತೇನು?

ಇನ್ನೊಂದಿತ್ತು. ಸ್ಟಾರ್ 325 ಹ್ಯಾಶ್. ಕೀಪ್ಯಾಡ್ ನೋಡಿ: 3ರಲ್ಲಿ ಎಫ್, 2ರಲ್ಲಿ ಬಿ, 5ರಲ್ಲಿ ಕೆ. 2011ರಲ್ಲಿ ಯು2ಓಪಿಯಾ ಅನ್ನೋ ಕಂಪನಿ ಏರ್‌ಟೆಲ್ ಮೂಲಕ ತಂದ ಫೇಸ್‌ಬುಕ್ ಇದು. ಇಂಟರ್ನೆಟ್ ಬೇಕಿಲ್ಲ. ಬ್ಯಾಲೆನ್ಸ್ ನೋಡೋಕೆ ಒತ್ತುತ್ತೀವಲ್ಲ, ಅದೇ ಯುಎಸ್‌ಎಸ್‌ಡಿ ದಾರಿ. ಕರೆ ಜೋಡಿಸೋಕೆ ನೆಟ್‌ವರ್ಕ್ ಒಳಗೊಳಗೇ ಮಾತಾಡಿಕೊಳ್ಳೋ ಸಂಕೇತದ ಚಾನೆಲ್ ಇರುತ್ತಲ್ಲ, ಅದರಲ್ಲೇ ಇದು ಹೋಗುತ್ತೆ. ಒಂದು ಸಲಕ್ಕೆ 182 ಅಕ್ಷರ. ಉತ್ತರ ಕೊಡೋಕೆ ತಡ ಮಾಡಿದ್ರೆ ಸೆಷನ್ ಕಟ್. ನಾನಾಗ ಹೈಸ್ಕೂಲು. ದೊಡ್ಡಪ್ಪನ ಮಗ, ಶೃಂಗೇರಿ ತಾಲ್ಲೂಕಿನ ಕಿಗ್ಗದ ಕಡೆಯ ನಮ್ಮ ಅಣ್ಣ, ನೋಕಿಯಾ ಬಟನ್ ಫೋನಲ್ಲಿ ಇದನ್ನ ಒತ್ತಿ ಒತ್ತಿ ಕಾಲೇಜು ಸ್ನೇಹಿತರ ಸ್ಟೇಟಸ್ ನಮಗೆ ಗಟ್ಟಿಯಾಗಿ ಓದಿ ಹೇಳ್ತಿದ್ದ. ಒಂದು ಫೋಟೋ ಕೂಡ ಕಾಣದ ಫೇಸ್‌ಬುಕ್ ಸುತ್ತ ನಾವು ನಾಲ್ಕೈದು ಮಕ್ಕಳು. ಕಿಗ್ಗ ಅಂದ್ರೆ ಗೊತ್ತಲ್ಲ, ಮಳೆ ಬೇಕು ಅಂತ ಜನ ಹರಕೆ ಹೊರೋ ಋಷ್ಯಶೃಂಗನ ದೇವಸ್ಥಾನದ ಊರು. ಅಲ್ಲಿ ಮಳೆಗೂ ಬರ ಇಲ್ಲ, ಕರೆಂಟ್ ಹೋಗೋದಕ್ಕೂ ಬರ ಇಲ್ಲ.

ಆ ಯುಎಸ್‌ಎಸ್‌ಡಿ ದಾರಿ ಇವತ್ತಿಗೂ ಸತ್ತಿಲ್ಲ. 2014ರ ಆಗಸ್ಟಲ್ಲಿ ದೇಶಕ್ಕೆಲ್ಲ ಬಂದ ಸ್ಟಾರ್ 99 ಹ್ಯಾಶ್ ಬ್ಯಾಂಕಿಂಗ್ ಅದೇ ದಾರಿಯದ್ದು, ಕನ್ನಡದಲ್ಲೂ ಇದೆ. ಡೇಟಾ ಇಲ್ಲದ ದಿನ ಒಂದ್ಸಲ ಪ್ರಯತ್ನ ಮಾಡಿ ನೋಡಿ.

ಈಗ ಕಂಪ್ಯೂಟರ್ ಕಡೆ ಬರ್ತೀನಿ. 2007ರಲ್ಲಿ ಕ್ಯಾಮರಾನ್ ಕೈಸರ್ ಅನ್ನೋ ಅಮೆರಿಕದ ಪ್ರೋಗ್ರಾಮರ್ 'ಟಿಟಿವೈಟರ್' ಬರೆದರು, ಪರ್ಲ್ ಭಾಷೆಯಲ್ಲಿ. ಟಿಟಿವೈ ಅಂದ್ರೆ ಟೆಲಿಟೈಪ್, ಕಾಗದದ ಮೇಲೆ ತಾನೇ ಕುಟ್ಟಿ ಅಕ್ಷರ ಮೂಡಿಸ್ತಿದ್ದ ಯಂತ್ರ; ಅದಕ್ಕೆ ಟ್ವಿಟರ್ ಸೇರಿಸಿದ ಹೆಸರು. ಆಮೇಲೆ ಎರಿಕ್ ಮೈಕಲ್ಸ್-ಓಬರ್ ಬರೆದ ಕ್ಲೈಂಟಿನ ಹೆಸರು ಬರೀ 'ಟಿ'. ಟಿ ಅಪ್‌ಡೇಟ್ ಅಂತ ಬರೆದು ಉಲ್ಲೇಖ ಚಿಹ್ನೆಯೊಳಗೆ ಮಾತು ಹಾಕಿದ್ರೆ ಪೋಸ್ಟ್ ಆಯ್ತು. ಇನ್ನೂ ಮೊದಲಂತೂ ಇದೂ ಬೇಕಿರಲಿಲ್ಲ. ಕರ್ಲ್ ಅನ್ನೋ ಸಾಮಾನ್ಯ ಸಾಧನಕ್ಕೆ ಯೂಸರ್‌ನೇಮ್, ಪಾಸ್‌ವರ್ಡ್, ಮಾತು ಮೂರನ್ನೂ ಒಂದೇ ಸಾಲಲ್ಲಿ ಕೊಟ್ರೆ ಟ್ವಿಟರಲ್ಲಿ ಪೋಸ್ಟ್ ಆಗ್ತಿತ್ತು. 2010ರ ಆಗಸ್ಟಲ್ಲಿ ಆ ಬಾಗಿಲು ಮುಚ್ಚಿತು. ಓಆಥ್ ಬಂತು, ಅಂದ್ರೆ ಪಾಸ್‌ವರ್ಡಿನ ಬದಲು ಕಂಪನಿ ಕೊಡೋ ಟೋಕನ್. ಸುರಕ್ಷತೆಗೆ ಒಳ್ಳೇದೇ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿಂದ ಮುಂದೆ ಒಳಗೆ ಯಾರು ಬರಬೇಕು ಅಂತ ಹೇಳೋದು ಟೋಕನ್ ಕೊಡೋರು.

ನಾನು ಬಿ.ಕಾಂ. ಓದಿದವನು, ಕೋಡಿಂಗ್ ಯೂಟ್ಯೂಬಲ್ಲಿ ಕಲಿತಿದ್ದು. ಅದಕ್ಕೇ ಇದನ್ನ ಲೆಕ್ಕದ ಪುಸ್ತಕವಾಗಿ ನೋಡ್ತೀನಿ. 2010ರ ಏಪ್ರಿಲಲ್ಲಿ ಟ್ವಿಟರ್ ಜಾಹೀರಾತು ಶುರು ಮಾಡ್ತು. 2013ರ ನವೆಂಬರಲ್ಲಿ ಷೇರುಪೇಟೆಗೆ ಬಂತು. ಕಪ್ಪು ಪರದೆಯಲ್ಲಿ ಟ್ವಿಟರ್ ಓದೋ ಮನುಷ್ಯ ಸರ್ವರಿನ ಖರ್ಚು ತಿನ್ನುತ್ತಾನೆ, ಜಾಹೀರಾತು ನೋಡಲ್ಲ. ಖರ್ಚಿನ ಕಡೆ ಇದ್ದಾನೆ, ಆದಾಯದ ಕಡೆ ಇಲ್ಲ. ಅಂಥ ಗಿರಾಕಿಯನ್ನ ಯಾವ ಅಂಗಡಿಯವನು ಎಷ್ಟು ದಿನ ಕೂರಿಸ್ತಾನೆ? 2012ರ ಆಗಸ್ಟ್ 16ರಂದು ಟ್ವಿಟರ್ ಹೊಸ ನಿಯಮ ಹೇಳ್ತು: ಹೊರಗಿನವರು ಮಾಡಿದ ಹೊಸ ಕ್ಲೈಂಟುಗಳಿಗೆ 1 ಲಕ್ಷ ಬಳಕೆದಾರರಿಗಿಂತ ಹೆಚ್ಚು ಬೇಕಿದ್ರೆ ನಮ್ಮ ಒಪ್ಪಿಗೆ ಬೇಕು.

ಆ ದಿನಾಂಕ ನೋಡಿ ನಾನು ಒಂದು ಕ್ಷಣ ನಿಂತೆ. ಅದೇ ವಾರ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲಿಗೆ ಮುಗಿಬಿದ್ದಿದ್ರು. ನಿಮ್ಮ ಮೇಲೆ ದಾಳಿ ಆಗುತ್ತೆ ಅನ್ನೋ ಸುಳ್ಳು ಎಸ್‌ಎಂಎಸ್‌ನಲ್ಲಿ ಹರಡಿತ್ತು. 17ನೇ ತಾರೀಖು ಕೇಂದ್ರ ಸರ್ಕಾರ ದೇಶಾದ್ಯಂತ ಒಂದು ಸಲಕ್ಕೆ 5ಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸೋದನ್ನ 15 ದಿನ ನಿಲ್ಲಿಸ್ತು. ಒಂದು ಕಡೆ ಕಂಪನಿ ತನ್ನ ಲಾಭಕ್ಕೆ ಬಾಗಿಲು ಕಿರಿದು ಮಾಡ್ತಿದೆ, ಇನ್ನೊಂದು ಕಡೆ ಸರ್ಕಾರ ಜನರ ಪ್ರಾಣಕ್ಕೆ ಹೆದರಿ ಬಾಗಿಲು ಕಿರಿದು ಮಾಡ್ತಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ಆದ್ರೂ ಬರೀ ಅಕ್ಷರ ಅಂದ್ರೆ ಸಾಧು ಅಂತ ನಾನು ಅಂದ್ಕೊಂಡಿದ್ದೆ. ಆ ರೈಲು ಹತ್ತಿದವರು ಹಾಗೆ ಅಂದ್ಕೊಳ್ಳಲಾರರು.

ಎಸ್‌ಎಂಎಸ್ ದಾರಿಯ ಕೊನೆಯೂ ಹೀಗೇ ಎರಡು ಮುಖದ್ದು. 2019ರ ಆಗಸ್ಟ್ 30ರಂದು ಟ್ವಿಟರಿನ ಮುಖ್ಯಸ್ಥ ಜಾಕ್ ಡಾರ್ಸಿಯ ಖಾತೆಯಿಂದಲೇ ಅಸಹ್ಯ ಪೋಸ್ಟುಗಳು ಬಂದ್ವು. ಕಳ್ಳರು ಅವರ ಮೊಬೈಲ್ ನಂಬರ್ ತಮ್ಮ ಕೈಗೆ ಮಾಡಿಕೊಂಡು, ಎಸ್‌ಎಂಎಸ್ ಕಳಿಸಿಯೇ ಪೋಸ್ಟ್ ಮಾಡಿದ್ರು. 2020ರ ಏಪ್ರಿಲಲ್ಲಿ ಬಹುತೇಕ ದೇಶಗಳಲ್ಲಿ ಎಸ್‌ಎಂಎಸ್ ಟ್ವಿಟರ್ ನಿಂತಿತು. 2023ರ ಜನವರಿಯಲ್ಲಿ ಹೊರಗಿನವರ ಕ್ಲೈಂಟುಗಳಿಗೆ ಬಾಗಿಲು ಹಾಕಿದ್ರು, ಫೆಬ್ರವರಿಯಲ್ಲಿ ಪುಕ್ಕಟೆ ಎಪಿಐ ನಿಲ್ಲಿಸ್ತೀವಿ ಅಂತ ಹೇಳಿದ್ರು.

ನರಸಿಂಹರಾಜಪುರದವರಿಗೆ ಇದು ಹೊಸದಲ್ಲ. ಎಡೇಹಳ್ಳಿ ಅಂತಿದ್ದ ಊರಿಗೆ 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ನೆನಪಿಗೆ ಈ ಹೆಸರು ಬಂತು. ಒಂದು ಕಾಲದಲ್ಲಿ ಅಲ್ಲಿಗೆ ತರೀಕೆರೆಯಿಂದ ಪುಟ್ಟ ಟ್ರಾಮ್ ರೈಲು ಓಡ್ತಿತ್ತು. ಈಗ ಆ ಊರಿಗೆ ರೈಲಿಲ್ಲ; ಪಕ್ಕದಲ್ಲಿ ಭದ್ರಾ ಹಿನ್ನೀರಿದೆ. ಹಳಿ ಯಾರದ್ದೋ ಅವರು ಓಡಿಸಿದಷ್ಟು ದಿನ ನಮ್ಮ ಪ್ರಯಾಣ.

ಹಾಗಾದ್ರೆ ನನ್ನ ಫೋನಲ್ಲಿ ಓಡಿದ ಟೂಟ್ ಏನು? ಅದು ಮ್ಯಾಸ್ಟೊಡಾನ್‌ಗೆ ಇರೋ ಕಮಾಂಡ್ ಲೈನ್ ಕ್ಲೈಂಟ್. ಇವಾನ್ ಹಬುನೆಕ್ ಅನ್ನೋರು ಪೈಥಾನಲ್ಲಿ ಬರೆದಿದ್ದು. ಮ್ಯಾಸ್ಟೊಡಾನ್ 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಶುರು ಮಾಡಿದ ಜಾಲ. ಒಂದೇ ಕಂಪನಿಯ ಸರ್ವರ್ ಅಲ್ಲ, ಬೇರೆ ಬೇರೆಯವರು ನಡೆಸೋ ಸಾವಿರಾರು ಸರ್ವರ್ ಪರಸ್ಪರ ಮಾತಾಡ್ತವೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಮೇಲೆ, 2019ರ ನವೆಂಬರಲ್ಲಿ, ಭಾರತದಿಂದ ತುಂಬಾ ಜನ ಅಲ್ಲಿಗೆ ಹೋದ್ರು. ಹೆಚ್ಚಿನವರು ವಾಪಸ್ಸೂ ಬಂದ್ರು, ಅದು ಬೇರೆ ಮಾತು. ನಾನು, ಅಣ್ಣ, ಇನ್ನೊಂದಿಷ್ಟು ಸ್ನೇಹಿತರು ಉಳ್ಕೊಂಡ್ವಿ.

ಟರ್ಮಿನಲಲ್ಲಿ ಕನ್ನಡ ಓದೋದು ಹೇಗೆ ಅಂತ ಕೇಳ್ತೀರಿ. ಕಷ್ಟ ಇದೆ. ಟೆಲಿಟೈಪಿನ ವಂಶ ಅಲ್ವಾ, ಪರದೆ ಅಂದ್ರೆ ಅದಕ್ಕೆ ಚೌಕಳಿ ಪುಸ್ತಕ. ಒಂದು ಮನೆಗೆ ಒಂದು ಅಕ್ಷರ, ಎಲ್ಲವೂ ಒಂದೇ ಅಗಲ. ಇಂಗ್ಲಿಷಿಗೆ ಸರಿ. ಕನ್ನಡದ ಅಕ್ಷರ ಆ ಮನೆಯಲ್ಲಿ ಕೂರುತ್ತಾ? 'ಶೃಂಗೇರಿ' ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಶ, ವಟ್ರಸುಳಿ, ಸೊನ್ನೆ, ಗ, ಏತ್ವದ ದೀರ್ಘ, ರ, ಗುಡಿಸು, ಒಟ್ಟು ಏಳು ಸಂಕೇತ. ಒಂದೊಂದಕ್ಕೆ 3 ಬೈಟಿನಂತೆ 21 ಬೈಟು. ಹಾಗಾಗಿ ಒತ್ತಕ್ಷರ ಒಂದು ಕಡೆ, ಕರ್ಸರ್ ಇನ್ನೊಂದು ಕಡೆ ನಿಲ್ಲುತ್ತೆ. ಎಸ್‌ಎಂಎಸ್‌ನಲ್ಲಂತೂ ಕನ್ನಡ ಬರೆದ ಕೂಡಲೇ 160ರ ಮಿತಿ 70ಕ್ಕೆ ಇಳಿಯುತ್ತೆ. 'ನರಸಿಂಹರಾಜಪುರ' ಅಂತ ಬರೆದ್ರೆ 12 ಖರ್ಚು! ಎನ್.ಆರ್. ಪುರ ಅಂತ ಜನ ಸುಮ್ನೆ ಕರೆಯಲ್ಲ ಬಿಡಿ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಇರೋ ಕೊಪ್ಪ ತಾಲ್ಲೂಕಿನಲ್ಲಿ ಕೂತು ನಾವು ಹುಡುಗರು ಕಂಗ್ಲಿಷಲ್ಲಿ ಮೆಸೇಜ್ ಮಾಡೋಕೆ ಸೋಮಾರಿತನ ಒಂದೇ ಕಾರಣ ಅಲ್ಲ, ಈ ಲೆಕ್ಕವೂ ಇತ್ತು.

ಈಗ ಆ ಉಪ್ಪಿನಕಾಯಿ ಕಥೆ.

ಅಣ್ಣನ ತೋಟಕ್ಕೆ ಹಳದಿ ಎಲೆ ರೋಗ. ಈ ಮೂರೂ ತಾಲ್ಲೂಕಲ್ಲಿ ಎಷ್ಟು ತೋಟ ಹೋಗಿದೆ ಅಂತ ನಿಮಗೆ ಗೊತ್ತು. ಮರ ಸಾಯಲ್ಲ, ಫಸಲು ಕೊಡಲ್ಲ. ವರ್ಷ ವರ್ಷ ಸೊರಗುತ್ತೆ. ಆ ಮಳೆಗಾಲದಲ್ಲಿ ಅವನು ನನಗೊಬ್ಬನಿಗೇ ಬರೆದಿದ್ದ, ತೋಟ ಬಿಟ್ಟು ಬೆಂಗಳೂರಿಗೆ ಹೋಗ್ತೀನಿ, ಕೆಲಸ ಆಗಿದೆ, ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ ಅಂತ. ನಾನು ಕಪ್ಪು ಪರದೆಯಲ್ಲಿ ಉತ್ತರ ಬರೆದೆ: ದೊಡ್ಡಪ್ಪನಿಗೆ ಯಾವಾಗ ಹೇಳ್ತೀಯ, ತೋಟ ಬಿಡೋ ವಿಷಯ ಎಷ್ಟು ದಿನ ಮುಚ್ಚಿಡ್ತೀಯ.

ಟೂಟಲ್ಲಿ ಒಬ್ಬರಿಗೇ ಹೋಗಬೇಕು ಅಂದ್ರೆ ಸಾಲಿನ ಕೊನೆಗೆ ವಿಸಿಬಿಲಿಟಿ ಡೈರೆಕ್ಟ್ ಅಂತ ಸೇರಿಸಬೇಕು. ಸೇರಿಸದಿದ್ರೆ ಊರಿಗೆಲ್ಲ. ನಾನು ಸೇರಿಸಲಿಲ್ಲ. ಎಂಟರ್ ಒತ್ತಿದೆ, ನೆಟ್‌ವರ್ಕ್ ನಿಧಾನ, ಏನೂ ಆಗ್ಲಿಲ್ಲ ಅಂತ ಮೇಲಿನ ಬಾಣ ಒತ್ತಿ ಮತ್ತೊಮ್ಮೆ ಎಂಟರ್. ಎರಡು ಸಲ ಹೋಯ್ತು! ಟ್ವಿಟರಿನ ಎಸ್‌ಎಂಎಸ್ ಕಾಲದಲ್ಲೂ ಜನ ಡಿ ಅಕ್ಷರದ ಮುಂದೆ ಜಾಗ ಬಿಡದೆ ಗುಟ್ಟನ್ನ ಬಯಲು ಮಾಡಿಕೊಳ್ತಿದ್ರು, ಅದನ್ನ ಓದಿ ನಾನೇ ನಕ್ಕಿದ್ದೆ. ಅಳಿಸಬೇಕು ಅಂದ್ರೆ ಪೋಸ್ಟಿನ ಉದ್ದದ ನಂಬರ್ ಬೇಕು. ಅದನ್ನ ತರಿಸೋಷ್ಟರಲ್ಲಿ ಆ ಒಂದು ಗೆರೆ ಸಿಗ್ನಲ್ಲೂ ಹೋಯ್ತು. ಛತ್ರಿ ಹಿಡ್ಕೊಂಡು ಗುಡ್ಡ ಹತ್ತಿ ನಾನು ಎರಡನ್ನೂ ಅಳಿಸೋ ಹೊತ್ತಿಗೆ ಮುಕ್ಕಾಲು ಗಂಟೆ. ನೋಡಿದವರು ಮೂರೋ ನಾಲ್ಕೋ ಜನ ಇರಬಹುದು. ಅದರಲ್ಲೊಬ್ಬ ನೆಂಟರ ಹುಡುಗ ಸ್ಕ್ರೀನ್‌ಶಾಟ್ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದ.

ದೊಡ್ಡಪ್ಪ ಫೋನ್ ಮಾಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅಣ್ಣ ಮಾತ್ರ ಒಂದು ಸಾಲು ಬರೆದ, ಅದನ್ನ ಇಲ್ಲಿ ಹೇಳಲ್ಲ. ದೀಪಾವಳಿ ಮುಗಿಸ್ಕೊಂಡು ಅವನು ಬೆಂಗಳೂರಿಗೆ ಹೋದ.

ಶ್ರಾವಣದಲ್ಲಿ, ಅವನು ಇನ್ನೂ ಊರಲ್ಲಿದ್ದಾಗಲೇ, ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯೋ ಹೊತ್ತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ಹೇಳಿಕೊಟ್ಟ ಅದೇ ಬೋರ್ಡೋ ದ್ರಾವಣ, ಈಗಲೂ ಅದೇ. ಹೊಡೆಯೋಕೆ ಒಂದು ದಿನ ಮಳೆ ಹೊಳವಾಗಬೇಕು. ಆ ಸಂಜೆ ದೊಡ್ಡಪ್ಪ ಮೊದಲ ಸಲ ಫೋನ್ ಮಾಡಿದ್ರು.

"ನಿನ್ನ ಕಪ್ಪು ಪರದೆಯಲ್ಲಿ ನೋಡು ಮಾರಾಯ, ನಾಳೆ ಹೊಳವು ಇದೆಯಾ ಅಂತ ಯಾರಾದ್ರೂ ಬರೆದಿದಾರಾ."

"ನೋಡ್ತೀನಿ ದೊಡ್ಡಪ್ಪ."

"ನೋಡಿ ನನಗೊಬ್ಬನಿಗೆ ಹೇಳು."

ಮುಂದಿನ ವಾರ ಸಿಗೋಣ. ಸಿಗ್ನಲ್ ಇದ್ರೆ.